ಹರಿದು ಎಸೆಯದೆ ಹಬ್ಬವುಂಟೆ?

ಡಿಸೆಂಬರ್ 25ರ ಮಧ್ಯಾಹ್ನ ಕ್ರಿಸ್‌ಮಸ್ ಊಟಕ್ಕೆ ಕೂತ ಬ್ರಿಟಿಷ್ ಕುಟುಂಬ ಸಾಮಾನ್ಯವಾಗಿ ಮೊದಲು ಕೈಹಾಕುವುದು ತಟ್ಟೆಗಲ್ಲ, ತಟ್ಟೆಯ ಪಕ್ಕದಲ್ಲಿಟ್ಟ ಕ್ರ್ಯಾಕರ್‌ಗೆ. ಇದು ದೀಪಾವಳಿಯ ಪಟಾಕಿಯಲ್ಲ, ಇದಕ್ಕೆ ಯಾರೂ ಬೆಂಕಿ ಹಚ್ಚುವುದಿಲ್ಲ. ಒಂದು ಚಿಕ್ಕ ರಟ್ಟಿನ ಕೊಳವೆ, ಅದರ ಸುತ್ತ ಬಣ್ಣದ ಕಾಗದ, ಎರಡೂ ತುದಿಯಲ್ಲಿ ಪೆಪ್ಪರಮಿಂಟಿನ ಹೊದಿಕೆಯಂತೆ ತಿರುಚಿದ ಗಂಟು. ಒಬ್ಬರು ಒಂದು ತುದಿ, ಪಕ್ಕದವರು ಇನ್ನೊಂದು ತುದಿ ಹಿಡಿದು ಜಗ್ಗುತ್ತಾರೆ. ಎಷ್ಟೋ ಮನೆಗಳಲ್ಲಿ ಮೇಜಿನ ಸುತ್ತ ಕೂತವರೆಲ್ಲ ತೋಳುಗಳನ್ನು ಅಡ್ಡಡ್ಡ ಚಾಚಿ, ಎಡಬಲದವರೊಡನೆ ಒಮ್ಮೆಗೇ ಎಳೆಯುವ ರೂಢಿಯಿದೆ. ಟಪ್ಪೆಂದು ಸದ್ದಾಗಿ ಕಾಗದ ಹರಿಯುತ್ತದೆ. ಒಳಗಿಂದ ತೆಳುಕಾಗದದ ಕಿರೀಟ, ಪುಟ್ಟದೊಂದು ಆಟಿಕೆ, ಚೀಟಿಯಲ್ಲಿ ಬರೆದ ನಗೆಹನಿ ಹೊರಬೀಳುತ್ತವೆ. ದೊಡ್ಡ ತುಂಡು ಯಾರ ಕೈಯಲ್ಲಿ ಉಳಿಯಿತೋ ಒಳಗಿನ ಸರಕು ಅವರದು. ಸ್ವಲ್ಪ ಹೊತ್ತಿಗೆ ಅಜ್ಜ, ಸೊಸೆ, ಮೊಮ್ಮಗ, ಅತಿಥಿ ಎಲ್ಲರ ತಲೆಯ ಮೇಲೂ ಕಾಗದದ ಕಿರೀಟ.

ಈಚೆಗೆ ಕೆಲವು ಮನೆಗಳು ಈ ಕ್ರ್ಯಾಕರನ್ನು ಅಂಗಡಿಯಿಂದ ತರುವ ಬದಲು ಹೊಲಿಯತೊಡಗಿವೆ. ಹಳೆಯ ಅಂಗಿಯ ತೋಳು, ಪರದೆ ಹೊಲಿದು ಉಳಿದ ಪಟ್ಟಿ, ಮಗುವಿಗೆ ಚಿಕ್ಕದಾದ ಫ್ರಾಕಿನ ಘೇರು, ಇವೇ ಅದರ ಸಾಮಗ್ರಿ. ಎಳೆದರೆ ಸದ್ದಾಗುತ್ತದೆ, ಬಟ್ಟೆ ಹರಿಯುವುದಿಲ್ಲ. ಮುಂದಿನ ವರ್ಷ ಅದೇ ಕ್ರ್ಯಾಕರ್ ಮತ್ತೆ ಮೇಜಿಗೆ ಬರುತ್ತದೆ. ನೋಡಲು ಇದು ಮನೆಗೆಲಸದ ಸಣ್ಣ ಜಾಣ್ಮೆ. ಆದರೆ ಇದರೊಳಗೆ ಒಂದು ಹಳೆಯ ಧಾರ್ಮಿಕ ಪ್ರಶ್ನೆ ಇದೆ. ಹಬ್ಬವೆಂದರೆ ಲೆಕ್ಕ ಬಿಟ್ಟು ಖರ್ಚು ಮಾಡುವ ದಿನವಲ್ಲವೆ? ಎತ್ತಿಟ್ಟು, ಒಗೆದು, ಮತ್ತೆ ಬಳಸುವ ವಸ್ತುವಿನಲ್ಲಿ ಸಂಭ್ರಮ ಉಳಿಯುತ್ತದೆಯೆ? ಅಥವಾ ಉಳಿತಾಯದ ಬುದ್ಧಿ ಒಳಗೆ ಬಂದೊಡನೆ ಹಬ್ಬ ಬಾಗಿಲಿನಿಂದ ಹೊರಗೆ ಹೋಗುತ್ತದೆಯೆ?

ಕ್ರ್ಯಾಕರ್ ಬೈಬಲಿನ ಕಾಲದ್ದಲ್ಲ, ಚರ್ಚಿನಿಂದ ಬಂದದ್ದೂ ಅಲ್ಲ. ಅದು ಲಂಡನ್ನಿನ ಮಿಠಾಯಿ ವ್ಯಾಪಾರಿಯೊಬ್ಬನ ಕೂಸು. ಟಾಮ್ ಸ್ಮಿತ್ ಎಂಬಾತ 1840ರ ದಶಕದಲ್ಲಿ ಪ್ಯಾರಿಸ್ಸಿಗೆ ಹೋದಾಗ, ತೆಳುಕಾಗದದಲ್ಲಿ ತಿರುಚಿ ಸುತ್ತಿದ ಬೊಂಬೊಂ ಮಿಠಾಯಿ ಕಂಡ. ಊರಿಗೆ ಮರಳಿ ತಾನೂ ಹಾಗೆಯೇ ಮಾರಿದ. ಮಿಠಾಯಿಯ ಜೊತೆ ಪ್ರೇಮದ ಸಾಲುಗಳ ಚೀಟಿ ಸೇರಿಸಿದ. ಕ್ರ್ಯಾಕರಿನ ಹುಟ್ಟಿಗೆ ಸಾಮಾನ್ಯವಾಗಿ ಹೇಳುವ ವರ್ಷ 1847. ಒಲೆಯಲ್ಲಿ ಸಿಡಿದ ಕಟ್ಟಿಗೆಯ ಸದ್ದು ಕೇಳಿ ಅವನಿಗೆ ಸಿಡಿಯುವ ಪೊಟ್ಟಣದ ಯೋಚನೆ ಬಂತು ಎಂಬುದು ಅವನ ಸಂಸ್ಥೆ ಹೇಳಿಕೊಂಡು ಬಂದ ಕಥೆ. 1860ರ ಹೊತ್ತಿಗೆ ಸದ್ದಿನ ಪಟ್ಟಿ ಸಿದ್ಧವಾಗಿತ್ತು. ಆರಂಭದಲ್ಲಿ ಈ ಪೊಟ್ಟಣಗಳಿಗೆ 'ಕೊಸಾಕ್' ಎಂಬ ಹೆಸರಿತ್ತು. 1869ರಲ್ಲಿ ಟಾಮ್ ತೀರಿಕೊಂಡ ಮೇಲೆ ಮಕ್ಕಳು ವ್ಯಾಪಾರ ಬೆಳೆಸಿದರು. ಕಾಗದದ ಟೊಪ್ಪಿಗೆ ಸೇರಿಸಿದವನು ಮಗ ವಾಲ್ಟರ್.

1840ರ ದಶಕವೇ ಇಂಗ್ಲೆಂಡಿನ ಕ್ರಿಸ್‌ಮಸ್ ಹೊಸ ರೂಪ ತಳೆದ ಕಾಲ. 1843ರಲ್ಲಿ ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ಪ್ರಕಟವಾಯಿತು. ಅದೇ ವರ್ಷ ಹೆನ್ರಿ ಕೋಲ್ ಮೊದಲ ಕ್ರಿಸ್‌ಮಸ್ ಕಾರ್ಡು ಮಾಡಿಸಿದ. ಬೀದಿಯ, ಊರಿನ ಹಬ್ಬ ಮನೆಯ ಮೇಜಿಗೆ ಬಂದು ಕೂತಿತು. ಕಾರ್ಖಾನೆಗಳು ಆ ಮೇಜಿಗೆ ಬೇಕಾದ್ದನ್ನು ಒದಗಿಸಲು ಸಜ್ಜಾದವು.

ಇಂದು ಕ್ರ್ಯಾಕರ್ ಒಡೆದ ನಂತರ ಮೇಜಿನ ಮೇಲೆ ಉಳಿಯುವುದನ್ನು ನೋಡಬೇಕು. ಹೊಳೆಯುವ ಕಾಗದದ ಮೇಲೆ ಪ್ಲಾಸ್ಟಿಕ್ಕಿನ ಅಥವಾ ಲೋಹದ ತೆಳುಪೊರೆ ಇದ್ದರೆ ಅದು ಮರುಬಳಕೆಯ ಗಿರಣಿಗೆ ಸಲ್ಲುವುದಿಲ್ಲ. ಬ್ರಿಟನ್ನಿನಲ್ಲಿ ಜನರಿಗೆ ಹೇಳಿಕೊಡುವ ಸುಲಭ ಪರೀಕ್ಷೆಯೊಂದಿದೆ: ಕಾಗದವನ್ನು ಮುದ್ದೆ ಮಾಡಿ ಬಿಡಿ, ಮುದ್ದೆಯಾಗಿಯೇ ಉಳಿದರೆ ಮರುಬಳಕೆಗೆ ಹಾಕಬಹುದು, ತಾನಾಗಿ ಬಿಚ್ಚಿಕೊಂಡರೆ ಕಸದ ಬುಟ್ಟಿಗೆ. ಮಿನುಗುಪುಡಿ ಅಂಟಿದ ಕಾಗದವೂ ಕಸವೇ. ಒಳಗಿನ ಪ್ಲಾಸ್ಟಿಕ್ ಬಾಚಣಿಗೆ, ಉಗುರು ಕತ್ತರಿ, ಪುಟ್ಟ ಬುಗುರಿ ಎಷ್ಟೋ ಸಲ ಆ ಸಂಜೆಯೊಳಗೇ ಬುಟ್ಟಿ ಸೇರುತ್ತವೆ. ಅವನ್ನು ಬಯಸಿ ಕೊಂಡವರಿಲ್ಲ, ಬಯಸಿ ಪಡೆದವರೂ ಇಲ್ಲ. ಹಬ್ಬದ ಖರ್ಚಿನ ಬಗ್ಗೆ ನಿಜವಾಗಿ ಯೋಚಿಸಬೇಕಾದ್ದು ಇಲ್ಲಿ.

ಬಟ್ಟೆಯ ಕ್ರ್ಯಾಕರ್ ಮಾಡುವ ವಿಧಾನ ಕಷ್ಟದ್ದಲ್ಲ. ಸುಮಾರು 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಹತ್ತಿಬಟ್ಟೆ ಬೇಕು. ಅಷ್ಟು ದೊಡ್ಡ ತುಂಡು ಸಿಗದಿದ್ದರೆ ಮೂರು ನಾಲ್ಕು ಚೂರುಗಳನ್ನು ಜೋಡಿಸಿ ಹೊಲಿದರಾಯಿತು. ಅಂಚನ್ನು ಮಡಿಚಿ ಹೊಲಿಯಬೇಕು, ಇಲ್ಲದಿದ್ದರೆ ಎರಡನೆಯ ವರ್ಷಕ್ಕೆ ನೂಲು ಬಿಟ್ಟುಕೊಳ್ಳುತ್ತದೆ. ನಡುವೆ ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ, ಎರಡು ತುದಿಗಳಲ್ಲಿ ಆಕಾರ ನಿಲ್ಲಲು ಅದೇ ಕೊಳವೆಯ ಚಿಕ್ಕ ತುಂಡುಗಳು. ಬಟ್ಟೆಯನ್ನು ಸುತ್ತಿ, ಅಂಚಿನ ಮೇಲೆ ಅಂಚು ಬರುವಂತೆ ಗುಂಡಿ ಹಾಕಿ, ನಡುಕೊಳವೆಯ ಎರಡೂ ಕಡೆ ರಿಬ್ಬನ್ ಕಟ್ಟಿದರೆ ಕ್ರ್ಯಾಕರಿನ ರೂಪ ಬಂತು. ಸದ್ದಿಗೆ 'ಸ್ನ್ಯಾಪ್' ಎಂಬ ಪಟ್ಟಿ ಬೇರೆಯಾಗಿಯೇ ಮಾರಾಟಕ್ಕೆ ಸಿಗುತ್ತದೆ. ಎರಡು ತೆಳುರಟ್ಟಿನ ಪಟ್ಟಿಗಳು ಒಂದರ ಮೇಲೊಂದು ಕೂಡುವ ಜಾಗದಲ್ಲಿ ಸಿಲ್ವರ್ ಫಲ್ಮಿನೇಟ್ ಎಂಬ ಸ್ಫೋಟಕದ ಅತಿ ಸಣ್ಣ ಲೇಪ. ಎಳೆದಾಗ ಆಗುವ ಉಜ್ಜಾಟಕ್ಕೇ ಅದು ಸಿಡಿಯುತ್ತದೆ. ಬ್ರಿಟನ್ನಿನಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕ್ರ್ಯಾಕರ್ ಮಾರುವಂತಿಲ್ಲ.

ಬಟ್ಟೆ ಕಾಗದದಂತೆ ಹರಿಯದ ಕಾರಣ ಎಳೆಯುವ ರೀತಿಯೂ ಬೇರೆ. ಬಟ್ಟೆ ಮತ್ತು ಪಟ್ಟಿ ಎರಡನ್ನೂ ಸೇರಿಸಿ ಹಿಡಿದರೆ ಬಟ್ಟೆಯೇ ತಡೆದು ನಿಲ್ಲಿಸುತ್ತದೆ, ಸದ್ದಾಗುವುದಿಲ್ಲ. ಆದ್ದರಿಂದ ರಿಬ್ಬನ್ ತುಸು ಸಡಿಲ ಬಿಟ್ಟು, ಹೊರಗೆ ಇಣುಕುವ ಸ್ನ್ಯಾಪಿನ ತುದಿಗಳನ್ನಷ್ಟೇ ಹಿಡಿದು ಎಳೆಯಬೇಕು. ಆಮೇಲೆ ರಿಬ್ಬನ್ ಬಿಚ್ಚಿ ಒಳಗೆ ಏನಿದೆಯೆಂದು ನೋಡಬೇಕು. ಇನ್ನೊಂದು ಬಗೆಯಲ್ಲಿ ಹೊದಿಕೆಯನ್ನೇ ಎರಡು ಭಾಗವಾಗಿ ಹೊಲಿದು, ಒಂದರ ಕೊಳವೆ ಇನ್ನೊಂದರೊಳಗೆ ಜಾರಿ ಕೂರುವಂತೆ ಮಾಡುತ್ತಾರೆ. ಎಳೆದಾಗ ಅವು ಬೇರೆಯಾಗಿ ಒಳಗಿನದು ಮೇಜಿನ ಮೇಲೆ ಚೆಲ್ಲುತ್ತದೆ.

ಇಷ್ಟಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಬ್ಬ ಎಂದರೆ ದಿನನಿತ್ಯದ ಲೆಕ್ಕಾಚಾರಕ್ಕೆ ಬಿಡುವು. ವರ್ಷವಿಡೀ ಅಳೆದು ಸುರಿಯುವ ಮನೆಯೂ ಅಂದು ಕೈಬಿಚ್ಚುತ್ತದೆ. ಹರಿದದ್ದು, ಒಡೆದದ್ದು, ಚೆಲ್ಲಿದ್ದು ಆ ಬಿಡುವಿನ ಗುರುತುಗಳು. ಮುಂದಿನ ವರ್ಷಕ್ಕೆ ಬೇಕೆಂದು ಜೋಪಾನವಾಗಿ ಎಳೆಯುವ ಕೈಯಲ್ಲಿ ಸಂಭ್ರಮ ಅರೆಮನಸ್ಸಿನದಾಗುವುದಿಲ್ಲವೆ?

ಈ ಆಕ್ಷೇಪಕ್ಕೆ ಬೈಬಲಿನಲ್ಲೇ ಬೆಂಬಲವಿದೆ. ಬೇಥಾನ್ಯದ ಊಟದ ಮನೆಗೆ ಒಬ್ಬಳು ಹೆಂಗಸು ಬಂದು, ಬೆಲೆಬಾಳುವ ಸುಗಂಧ ತೈಲದ ಭರಣಿಯನ್ನು ಒಡೆದು ಯೇಸುವಿನ ತಲೆಯ ಮೇಲೆ ಸುರಿಯುವ ಪ್ರಸಂಗವನ್ನು ಮಾರ್ಕನ ಸುವಾರ್ತೆ ಹೇಳುತ್ತದೆ. ಅದರ ಬೆಲೆ 300 ದಿನಾರಿಗೂ ಹೆಚ್ಚು, ಕೂಲಿಯಾಳಿನ ಹೆಚ್ಚುಕಡಿಮೆ ಒಂದು ವರ್ಷದ ಸಂಪಾದನೆ. ಅಲ್ಲಿದ್ದವರು ಇದೆಂಥ ದುಂದು, ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಗೊಣಗಿದರು. ಯೇಸು ಗೊಣಗಿದವರ ಪಕ್ಷ ವಹಿಸಲಿಲ್ಲ. ಆಕೆ ಮಾಡಿದ್ದು ಒಳ್ಳೆಯ ಕೆಲಸ ಎಂದ. ಪ್ರೀತಿಯ ಖರ್ಚಿಗೆ ಲಾಭನಷ್ಟದ ಪುಸ್ತಕ ತೆರೆಯಬಾರದು ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಉಳಿತಾಯದ ಬುದ್ಧಿಯೇ ಧರ್ಮವಾಗಿ ಕೂತರೆ ಏನಾಗುತ್ತದೆಂದು ಇಂಗ್ಲೆಂಡ್ ಒಮ್ಮೆ ಅನುಭವಿಸಿದೆ. 1647ರ ಜೂನ್‌ನಲ್ಲಿ ಪ್ಯೂರಿಟನ್ನರ ಪ್ರಾಬಲ್ಯದ ಪಾರ್ಲಿಮೆಂಟು ಕ್ರಿಸ್‌ಮಸ್, ಈಸ್ಟರ್ ಹಬ್ಬಗಳನ್ನೇ ರದ್ದುಮಾಡಿತು. ಬೈಬಲಿನಲ್ಲಿ ಅಪ್ಪಣೆಯಿಲ್ಲದ ಆಚರಣೆ, ಕುಡಿತ ಮತ್ತು ದುಂದಿಗೆ ನೆಪ ಎಂಬುದು ಅವರ ವಾದ. ಆ ವರ್ಷದ ಡಿಸೆಂಬರ್ 25ರಂದು ಕ್ಯಾಂಟರ್‌ಬರಿಯಲ್ಲಿ ಅಂಗಡಿ ತೆರೆಯಬೇಕೆಂಬ ಹುಕುಮಿನ ವಿರುದ್ಧ ಜನ ದಂಗೆಯೆದ್ದರು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಬ್ಬವೂ ಮರಳಿತು. ಪ್ಯೂರಿಟನ್ನರ ಪ್ರಾಮಾಣಿಕತೆಯನ್ನು ಅನುಮಾನಿಸಬೇಕಿಲ್ಲ. ಆದರೆ ಅಗತ್ಯಕ್ಕಿಂತ ಒಂದು ಹಿಡಿ ಹೆಚ್ಚು ಕೊಡುವ ಆಸೆಯನ್ನು ಮನುಷ್ಯರಿಂದ ಕಿತ್ತುಹಾಕಲಾಗದು ಎಂಬುದು ಆ 13 ವರ್ಷಗಳಲ್ಲಿ ತಿಳಿದುಹೋಯಿತು.

ಹಾಗಾದರೆ ಹರಿದು ಎಸೆಯುವುದೇ ಸರಿಯೆ? ಅದೇ ಯೇಸುವಿನ ಇನ್ನೊಂದು ಊಟವನ್ನು ಇಲ್ಲಿ ಮರೆಯುವಂತಿಲ್ಲ. ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನ ಹೊಟ್ಟೆ ತುಂಬ ಉಂಡ ಕಥೆ ನಾಲ್ಕೂ ಸುವಾರ್ತೆಗಳಲ್ಲಿದೆ. ಯೋಹಾನನ ಸುವಾರ್ತೆಯಲ್ಲಿ ಮಾತ್ರ ಒಂದು ಅಪ್ಪಣೆಯೂ ಇದೆ. ಉಳಿದ ತುಂಡುಗಳನ್ನು ಕೂಡಿಸಿರಿ, ಏನೂ ಹಾಳಾಗಬಾರದು ಎಂದು ಯೇಸು ಶಿಷ್ಯರಿಗೆ ಹೇಳುತ್ತಾನೆ. ಹನ್ನೆರಡು ಬುಟ್ಟಿ ತುಂಬುತ್ತದೆ. ಐದು ರೊಟ್ಟಿಯಿಂದ ಊರನ್ನೇ ಉಣಿಸಬಲ್ಲವನಿಗೆ ಚೂರುಗಳ ಚಿಂತೆ ಏಕೆ? ಕೊರತೆಯ ಭಯವಂತೂ ಅಲ್ಲ. ಬಂದದ್ದು ಕೊಡುಗೆಯಾಗಿ ಬಂದಿದೆ, ಅದರ ಚೂರಿಗೂ ಆ ಮರ್ಯಾದೆ ಸಲ್ಲಬೇಕು ಎಂಬ ಭಾವ ಅಲ್ಲಿದೆ.

ಎರಡು ಪ್ರಸಂಗಗಳನ್ನು ಒಟ್ಟಿಗೆ ಓದಿದಾಗ ವಿಷಯ ತಿಳಿಯಾಗುತ್ತದೆ. ತೈಲ ಸುರಿದವಳು ತನ್ನ ಬಳಿಯಿದ್ದ ಅಮೂಲ್ಯವಾದುದನ್ನು ಕೊಟ್ಟಳು. ಆ ಖರ್ಚನ್ನು ಹೊತ್ತವಳು ಅವಳೇ. ಚೂರುಗಳನ್ನು ಬಿಟ್ಟುಹೋಗುವವನು ಏನನ್ನೂ ಕೊಡುವುದಿಲ್ಲ, ಸಿಕ್ಕಿದ್ದನ್ನು ತಿರಸ್ಕರಿಸುತ್ತಾನೆ ಅಷ್ಟೆ. ಕಾರ್ಖಾನೆಯ ಕ್ರ್ಯಾಕರಿನಲ್ಲಿ ಹೊಳೆಯುವ ಕಾಗದ ಹರಿದಾಗ ಮೇಜಿನ ಸುತ್ತ ಕೂತವರಲ್ಲಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಅದರ ನಿಜವಾದ ಖರ್ಚು ದೂರದ ಕಸದ ಗುಂಡಿಗೆ, ಇನ್ನೂ ಹುಟ್ಟದವರ ಪಾಲಿಗೆ ಹೋಗುತ್ತದೆ. ಹಳೆಯ ಅಂಗಿ ಕತ್ತರಿಸಿ, ಎರಡು ಮೂರು ಸಂಜೆ ಕೂತು ಹೊಲಿದು, ಒಳಗೆ ಯಾರಿಗೆ ಏನಿಡಬೇಕೆಂದು ಯೋಚಿಸಿದವರು ತಮ್ಮ ಹೊತ್ತನ್ನು ಸುರಿದಿದ್ದಾರೆ. ತೈಲದ ಭರಣಿಗೆ ಹತ್ತಿರವಾದದ್ದು ಈ ಕ್ರ್ಯಾಕರೇ. 2015ರಲ್ಲಿ ಪೋಪ್ ಫ್ರಾನ್ಸಿಸ್ 'ಲಾವ್ದಾತೊ ಸೀ' ಎಂಬ ಪತ್ರದಲ್ಲಿ ಎಸೆಯುವ ಸಂಸ್ಕೃತಿಯನ್ನು ಖಂಡಿಸಿದರು. ವಸ್ತುಗಳನ್ನು ಎಸೆಯುವ ಚಾಳಿಯೂ ಮನುಷ್ಯರನ್ನು ಕಡೆಗಣಿಸುವ ಚಾಳಿಯೂ ಬೇರೆ ಬೇರೆಯಲ್ಲ ಎಂಬುದನ್ನು ಅವರು ಒತ್ತಿ ಹೇಳಿದರು.

ಕ್ರಿಸ್‌ಮಸ್ಸಿಗೂ ಬಟ್ಟೆಯ ಪಟ್ಟಿಗಳಿಗೂ ಮೊದಲಿನಿಂದಲೇ ನಂಟಿದೆ. ಲೂಕನ ಸುವಾರ್ತೆಯಲ್ಲಿ ಮರಿಯಳು ಹಸುಗೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸುತ್ತಾಳೆ. ಕುರುಬರಿಗೆ ದೇವದೂತ ಕೊಡುವ ಗುರುತೂ ಅದೇ. ಚಿನ್ನ, ಧೂಪ, ರಕ್ತಬೋಳ ತಂದ ಜ್ಞಾನಿಗಳು ಬರುವುದು ಮತ್ತಾಯನ ಕಥೆಯಲ್ಲಿ. ಲೂಕನಲ್ಲಿ ಬಟ್ಟೆ ಮತ್ತು ಹುಲ್ಲುತೊಟ್ಟಿ ಬಿಟ್ಟರೆ ಬೇರೆ ವೈಭವವಿಲ್ಲ.

ಬಳಸಿದ ಬಟ್ಟೆ ಪವಿತ್ರಕ್ಕೆ ಸಲ್ಲದು ಎಂದು ದೊಡ್ಡ ಧರ್ಮ ಪರಂಪರೆಗಳು ಭಾವಿಸಿದಂತಿಲ್ಲ. ಜರ್ಮನಿಯ ಯಹೂದ್ಯರಲ್ಲಿ 'ವಿಂಪೆಲ್' ಎಂಬ ಸಂಪ್ರದಾಯವಿತ್ತು. ಗಂಡುಮಗುವಿನ ಸುನ್ನತಿಯ ಹೊತ್ತಿನಲ್ಲಿ ಸುತ್ತಿದ ಬಟ್ಟೆಯನ್ನು ಪಟ್ಟಿಗಳಾಗಿ ಕತ್ತರಿಸಿ, ಉದ್ದಕ್ಕೆ ಜೋಡಿಸಿ, ಅದರ ಮೇಲೆ ಮಗುವಿನ ಹೆಸರು, ಹುಟ್ಟಿದ ದಿನ, ಹರಕೆಯ ಮಾತು ಕಸೂತಿ ಮಾಡುತ್ತಿದ್ದರು. ಮುಂದೆ ಸಿನಗಾಗ್‌ನಲ್ಲಿ ತೋರಾ ಸುರುಳಿಯನ್ನು ಕಟ್ಟಲು ಅದೇ ಪಟ್ಟಿ. ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಬ್ಯಾಕ್ಟನ್ ಎಂಬ ಹಳ್ಳಿಯಿದೆ. ಅಲ್ಲಿನ ಸಂತ ಫೇತ್ ಚರ್ಚಿನ ಬಲಿಪೀಠದ ವಸ್ತ್ರವೊಂದನ್ನು ಇತಿಹಾಸಕಾರ್ತಿ ಎಲೆರಿ ಲಿನ್ ಪರಿಶೀಲಿಸಿ, ಅದು ಮೊದಲನೆಯ ಎಲಿಜಬೆತ್ ರಾಣಿಯ ಉಡುಪಿನಿಂದ ಕತ್ತರಿಸಿದ್ದು ಎಂಬ ತೀರ್ಮಾನಕ್ಕೆ ಬಂದರು. ರಾಣಿಯ ಆಪ್ತಸೇವಕಿ ಬ್ಲಾಂಚ್ ಪ್ಯಾರಿ ಆ ಊರಿನವಳು. ಬೆಳ್ಳಿನೂಲಿನ ರೇಷ್ಮೆಯ ಮೇಲೆ ಹೂ, ಹಕ್ಕಿ, ಪ್ರಾಣಿಗಳ ಕಸೂತಿ ಇರುವ ಆ ವಸ್ತ್ರವನ್ನು 2019ರಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಪ್ರದರ್ಶಿಸಲಾಯಿತು. ಅರಮನೆಯ ಉಡುಪು ಹಳ್ಳಿಯ ಚರ್ಚಿಗೆ ಬಂದು ಶತಮಾನಗಳ ಕಾಲ ಉಳಿಯಿತು.

ಬಳಸಿದ ಬಟ್ಟೆಯ ಮೇಲಿನ ಈ ಗೌರವದ ಅತ್ಯಂತ ಸ್ಪಷ್ಟ ನಿರೂಪಣೆ ಬೌದ್ಧರ ವಿನಯಪಿಟಕದಲ್ಲಿ ಸಿಗುತ್ತದೆ. ಕೌಶಾಂಬಿಯ ಉದಯನ ರಾಜನ ರಾಣಿಯರು ಬುದ್ಧನ ಶಿಷ್ಯ ಆನಂದನಿಗೆ 500 ಚೀವರಗಳನ್ನು ದಾನ ಕೊಟ್ಟರು. ಇಷ್ಟು ಬಟ್ಟೆ ಭಿಕ್ಷುವಿಗೆ ಏಕೆಂದು ರಾಜ ಪ್ರಶ್ನಿಸಿದ. ಚೀವರ ಜೀರ್ಣವಾದ ಭಿಕ್ಷುಗಳಿಗೆ ಹಂಚುತ್ತೇವೆ ಎಂದ ಆನಂದ. ಹಳೆಯವು? ಮೇಲುಹಾಸು ಮಾಡುತ್ತೇವೆ. ಹಳೆಯ ಮೇಲುಹಾಸು? ಹಾಸಿಗೆಯ ಗವಸು. ಅದು ಸವೆದರೆ ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳೊರಸು. ಕೊನೆಗೆ ಚಿಂದಿಯನ್ನು ಕೊಚ್ಚಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ಸಂತೋಷಗೊಂಡ ರಾಜ ಇನ್ನೂ 500 ಕೊಟ್ಟ. ಅವನು ಕೈಬಿಚ್ಚಿದ್ದು ಜೋಪಾನದ ಲೆಕ್ಕ ಕೇಳಿದ ಮೇಲೆ. ಔದಾರ್ಯ ಮತ್ತು ಜೋಪಾನ ಒಂದನ್ನೊಂದು ಬೆಳೆಸಬಲ್ಲವು ಎಂಬುದಕ್ಕೆ ಈ ಕಥೆ ಸಾಕ್ಷಿ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಂಗಸರು ಈ ಚರ್ಚೆಗೆ ಇನ್ನೊಂದು ಮುಖ್ಯ ಮಾತು ಸೇರಿಸುತ್ತಾರೆ. ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ಯಾಥೊಲಿಕರು ಮೂವರೂ ಇದ್ದಾರೆ. ಅವರು ಹಳೆಯ ಸೀರೆ, ಅಂಗಿಗಳ ಚೂರುಗಳಿಂದ ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಅಂಚಿನಿಂದ ಶುರುಮಾಡಿ, ಸುತ್ತುತ್ತ ನಡುವಿಗೆ ಬಂದು ಮುಗಿಸುವ ಹೊಲಿಗೆ ಅದು. ಕ್ಯಾಥೊಲಿಕ್ ಮನೆಗಳ ಕೆಲವು ಕವಂದಿಗಳಲ್ಲಿ ಶಿಲುಬೆಯ ಆಕಾರ ಕಾಣುತ್ತದೆ. ನಾಲ್ಕು ಮೂಲೆಗಳಿಗೆ ತ್ರಿಕೋನವಾಗಿ ಮಡಿಚಿದ ಚಿಕ್ಕ ಚೂರುಗಳನ್ನು ಪದರಪದರವಾಗಿ ಕೂಡಿಸುತ್ತಾರೆ, ಅದಕ್ಕೆ 'ಫೂಲ' ಎಂದು ಹೆಸರು. ಫೂಲ ಇಲ್ಲದ ಕವಂದಿ ಬತ್ತಲೆ ಎಂಬ ಅವರ ಮಾತನ್ನು ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ದಾಖಲಿಸಿದ್ದಾರೆ. ಚಳಿ ತಡೆಯಲು ಫೂಲದಿಂದ ಏನೂ ಉಪಯೋಗವಿಲ್ಲ. ಚಿಂದಿಯಿಂದ ಹೊದಿಕೆ ಮಾಡುವಷ್ಟು ಕಡಿಮೆ ಇರುವ ಕೈಯೇ ಉಪಯೋಗವಿಲ್ಲದ ಆ ಅಂದಕ್ಕೂ ಒಂದಿಷ್ಟು ಚಿಂದಿ ತೆಗೆದಿಡುತ್ತದೆ. ಬಟ್ಟೆಯ ಕ್ರ್ಯಾಕರ್ ಸೋಲುವುದಿದ್ದರೆ ಇಂಥ ಫೂಲವನ್ನು ಮರೆತಾಗ, ಮಿತವ್ಯಯದ ಪಾಠವಾಗಿ ಮಾತ್ರ ಮೇಜಿನ ಮೇಲೆ ಕೂತಾಗ.

ವರ್ಷವರ್ಷವೂ ಅದೇ ವಸ್ತು ಬಂದರೆ ಅಚ್ಚರಿ ಎಲ್ಲಿ ಉಳಿಯಿತು ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಕ್ರಿಸ್‌ಮಸ್ ತಾನೇ ಉತ್ತರ ಕೊಟ್ಟಿದೆ. ಮಕ್ಕಳು ಉಡುಗೊರೆಗೆಂದು ಮಂಚಕ್ಕೆ ಕಟ್ಟುವ ಕಾಲುಚೀಲ ಕಳೆದ ವರ್ಷದ್ದೇ. ಪುಡಿಂಗಿನೊಳಗೆ ಆರು ಪೆನ್ನಿಯ ಬೆಳ್ಳಿ ನಾಣ್ಯ ಹುದುಗಿಸುವ ಪದ್ಧತಿಯಿತ್ತು. 1947ರಿಂದ ಬ್ರಿಟನ್ ನಾಣ್ಯಗಳಲ್ಲಿ ಬೆಳ್ಳಿ ಬಳಸುವುದನ್ನು ನಿಲ್ಲಿಸಿತು. ಆದರೂ ಕೆಲವು ಮನೆಗಳು ಹಳೆಯ ನಾಣ್ಯವನ್ನೇ ಜೋಪಾನವಾಗಿಟ್ಟುಕೊಂಡು, ಅದು ಸಿಕ್ಕವರಿಗೆ ಚಲಾವಣೆಯ ಬೇರೆ ನಾಣ್ಯ ಕೊಟ್ಟು, ಪ್ರತಿ ವರ್ಷ ಅದನ್ನೇ ಹಿಟ್ಟಿಗೆ ಹಾಕುತ್ತಿದ್ದವು. ನಾಣ್ಯ ಹಳೆಯದು, ಯಾರ ತಟ್ಟೆಗೆ ಬರುತ್ತದೆಂಬ ಕುತೂಹಲ ಹೊಸದು. ಚರ್ಚಿನ ಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೀರುತ್ತವೆ, ಪಾತ್ರೆಯನ್ನು ತೊಳೆದು ಇಡುತ್ತಾರೆ. ಕ್ರ್ಯಾಕರಿನಲ್ಲೂ ತೀರಬೇಕಾದ್ದು ಒಳಗಿನದು: ಒಂದು ಮಿಠಾಯಿ, ಹೂವಿನ ಬೀಜ, ಈ ವರ್ಷ ಮನೆಯಲ್ಲಿ ನಡೆದ ಸಂಗತಿಯಿಂದಲೇ ಹುಟ್ಟಿದ ನಗೆಹನಿ, ಪಕ್ಕದವರ ಬಗ್ಗೆ ಬಾಯಿಬಿಟ್ಟು ಹೇಳಲಾಗದ ಮೆಚ್ಚುಗೆಯ ನಾಲ್ಕು ಸಾಲು. ಟಾಮ್ ಸ್ಮಿತ್ ಚೀಟಿ ಸೇರಿಸಿದಾಗ ಅವನ ಮನಸ್ಸಿನಲ್ಲಿದ್ದದ್ದೂ ಇಂಥ ಮಾತೇ.

ಈ ಮಾರ್ಗಕ್ಕೂ ಮಿತಿಗಳಿವೆ. ಸ್ನ್ಯಾಪ್ ಒಮ್ಮೆ ಸಿಡಿದರೆ ಮುಗಿಯಿತು, ಪ್ರತಿ ವರ್ಷ ಹೊಸದು ಬೇಕು. ಕೆಲವರು ಅದನ್ನು ಕೈಬಿಟ್ಟು ಎಲ್ಲರೂ ಸೇರಿ 'ಬ್ಯಾಂಗ್' ಎಂದು ಕೂಗುತ್ತಾರೆ, ಚಿಕ್ಕ ಮಕ್ಕಳಿರುವ ಮನೆಗೆ ಇದೇ ಒಳ್ಳೆಯದು. ಮರುಬಳಕೆಯ ಕ್ರ್ಯಾಕರಿಗೆಂದು ಅಂಗಡಿಯಲ್ಲಿ ಹೊಸ ಬಟ್ಟೆ ಕತ್ತರಿಸಿ ತಂದರೆ ಕೆಲಸದ ಅರ್ಥವೇ ತಪ್ಪುತ್ತದೆ. ತಾವು ಕಸ ಮಾಡುವುದಿಲ್ಲವೆಂಬ ಹೆಮ್ಮೆಯನ್ನು ಅತಿಥಿಗಳ ಮುಂದೆ ಮೆರೆಸುವುದು ಇನ್ನೂ ದೊಡ್ಡ ತಪ್ಪು. ಉಪವಾಸ ಮಾಡುವಾಗ ಮುಖ ಸಪ್ಪೆ ಮಾಡಿಕೊಂಡು ಊರಿಗೆ ತೋರಿಸಬೇಡಿ ಎಂಬ ಬೋಧೆಯೂ ಸುವಾರ್ತೆಯದೇ.

ಎಲ್ಲಕ್ಕಿಂತ ಭಾರವಾದ ಪ್ರಶ್ನೆ ಹೊಲಿಯುವವರು ಯಾರು ಎಂಬುದು. ಹಬ್ಬದ ಅಡುಗೆ, ಅಲಂಕಾರ, ಉಡುಗೊರೆಯ ಪಟ್ಟಿ ಎಲ್ಲವೂ ಬಹುಪಾಲು ಹೆಂಗಸರ ಹೆಗಲ ಮೇಲಿರುವ ಮನೆಯಲ್ಲಿ ಆರು ಕ್ರ್ಯಾಕರುಗಳ ಹೊಲಿಗೆಯೂ ಅಲ್ಲೇ ಬಿದ್ದರೆ, ಒಬ್ಬರ ದಣಿವಿನ ಮೇಲೆ ಉಳಿದವರ ಒಳ್ಳೆಯತನ ನಿಂತಂತಾಗುತ್ತದೆ. ತೈಲ ಸುರಿದವಳು ತಾನಾಗಿ ಸುರಿದಳು, ಬೇರೆ ಯಾರೂ ಅವಳ ಕೈಯಿಂದ ಸುರಿಸಲಿಲ್ಲ. ಆದ್ದರಿಂದ ಕೆಲಸ ಹಂಚಿಕೊಳ್ಳದೆ ಈ ಕ್ರ್ಯಾಕರಿಗೆ ಧಾರ್ಮಿಕ ಅರ್ಥ ಬರುವುದಿಲ್ಲ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಚರ್ಚಿನ ಪಂಚಾಂಗದಲ್ಲಿ ಕಾಯುವ, ಸಿದ್ಧವಾಗುವ ಹೊತ್ತು. ಮಕ್ಕಳು ಚೂರುಗಳನ್ನು ಆರಿಸಬಹುದು, ಅಪ್ಪ ಅಳತೆ ಹಿಡಿದು ಕತ್ತರಿಸಬಹುದು, ಹೊಲಿಗೆ ಬರದವರು ಇಸ್ತ್ರಿ ಮಾಡಿ ರಿಬ್ಬನ್ ಕಟ್ಟಬಹುದು, ಚೀಟಿ ಬರೆಯುವ ಕೆಲಸ ಎಲ್ಲರದು. ಜನವರಿ 6ರ ಎಪಿಫನಿ ಹಬ್ಬದ ಹೊತ್ತಿಗೆ ಅಲಂಕಾರಗಳನ್ನು ಇಳಿಸುವಾಗ ಕ್ರ್ಯಾಕರುಗಳ ಗಂಟು ಬಿಚ್ಚಿ, ಗ್ರೇವಿಯ ಕಲೆ ಒಗೆದು, ಸವೆದ ಅಂಚಿಗೆ ಎರಡು ಹೊಲಿಗೆ ಹಾಕಿ ಪೆಟ್ಟಿಗೆಗೆ ಸೇರಿಸುವ ಕೆಲಸವೂ ಊಟಕ್ಕೆ ಕೂತವರೆಲ್ಲರ ಪಾಲಿಗೆ ಬರಬೇಕು.